ಲಿಫ್ಟಿನಲ್ಲಿ ಅಂಟಿಸಿದ ಹನ್ನೊಂದನೇ ಅಧ್ಯಾಯ

ಮಾನ ಹೋಗುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಲಿಫ್ಟ್ ಇನ್ಸ್‌ಪೆಕ್ಟರ ವಿಷಯದಲ್ಲಿ ಅದಕ್ಕೆ ಎರಡು ಫೈಲು, ಒಂದು ಗಾಜಿನ ಚೌಕಟ್ಟು ಮತ್ತು ಒಬ್ಬ ನಿಯಮನಿಷ್ಠ ಕಾರ್ಯದರ್ಶಿ ಸಾಕಾದರು.

ಇನ್ಸ್‌ಪೆಕ್ಟರಿಗೆ ಐವತ್ತೆರಡು ವರ್ಷ. ಊರಿನ ಲಿಫ್ಟುಗಳ ಹಗ್ಗ, ಬ್ರೇಕು, ಬಾಗಿಲು ಎಲ್ಲ ತಪಾಸಣೆ ಮಾಡಿ ಜನ ಹತ್ತಬಹುದೋ ಹತ್ತಬಾರದೋ ಎಂದು ಬರೆದುಕೊಡುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ನಕ್ಕಿದ್ದನ್ನು ಕಂಡವರಿಲ್ಲ. ಎಂಟು ಮಹಡಿಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಹೆಂಡತಿಯೊಂದಿಗೆ ವಾಸ. ಕಟ್ಟಡದವರು ಅವರನ್ನು ಕಂಡರೆ ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಅದು ಗೌರವ ಎಂದು ಅವರ ತಿಳುವಳಿಕೆ.

ಇಂಥ ಮನುಷ್ಯನಿಗೆ ಒಂದು ಗುಟ್ಟಿತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವರು ಪ್ರೇಮಕಥೆ ಬರೆಯುತ್ತಿದ್ದರು. ಅದೂ ಅಂತರಿಕ್ಷದಲ್ಲಿ ನಡೆಯುವ ಪ್ರೇಮಕಥೆ.

ಇದರ ಹಿನ್ನೆಲೆಯನ್ನು ಹೇಳಿಬಿಡಬೇಕು. ಮೂರು ವರ್ಷದ ಹಿಂದೆ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಒಂದು ಅಂತರಿಕ್ಷ ನೌಕೆ, ಅದಕ್ಕೊಬ್ಬಳು ಕ್ಯಾಪ್ಟನ್, ಅದರ ಯಂತ್ರಗಳನ್ನು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು. ಗಂಡ ಹೆಂಡತಿ ಇಬ್ಬರೂ ಒಂದು ಕಂತೂ ಬಿಡದೆ ನೋಡಿದ್ದರು. ಕೊನೆಗೊಂದು ದಿನ ನೌಕೆ ಕಪ್ಪುಕುಳಿಯ ಅಂಚಿಗೆ ಬಂದು ನಿಂತಿತು. ಮುಂದಿನ ವಾರ ಅದೇ ಹೊತ್ತಿಗೆ ಅಡುಗೆ ಕಾರ್ಯಕ್ರಮ ಶುರುವಾಯಿತು. ಹೆಂಡತಿ "ಪಾಪ" ಎಂದು ಎದ್ದು ಒಳಗೆ ಹೋದಳು. ಇನ್ಸ್‌ಪೆಕ್ಟರಿಗೆ ಮಾತ್ರ ಸಹಿಸಲಾಗಲಿಲ್ಲ. ಜನರನ್ನು ಕೂರಿಸಿಕೊಂಡ ಯಂತ್ರ ನಡುದಾರಿಯಲ್ಲಿ ನಿಂತರೆ ಯಾರಾದರೂ ಇಳಿಸಬೇಕೋ ಬೇಡವೋ? ಆ ಹೊಣೆ ತಮ್ಮದೆಂದು ಅವರು ತೀರ್ಮಾನಿಸಿದರು.

ಆ ಧಾರಾವಾಹಿಯ ಅಭಿಮಾನಿಗಳದೇ ಒಂದು ಜಾಲತಾಣವಿತ್ತು. ಅಲ್ಲಿ ಇನ್ಸ್‌ಪೆಕ್ಟರು "ನೀಲಿ ನಕ್ಷತ್ರ" ಎಂಬ ಹೆಸರಿನಲ್ಲಿ ಹತ್ತು ಅಧ್ಯಾಯ ಹಾಕಿದ್ದರು. ಕ್ಯಾಪ್ಟನ್‌ಗೂ ಮೆಕ್ಯಾನಿಕ್‌ಗೂ ಪ್ರೀತಿ ಬೆಳೆದಿತ್ತು. ನಾನೂರು ಜನ ಓದುಗರಿದ್ದರು. ಬರೆದವರು ಹೆಂಗಸೆಂದೇ ಎಲ್ಲರ ನಂಬಿಕೆ. "ಮುಂದಿನ ಅಧ್ಯಾಯ ಯಾವಾಗ ಅಕ್ಕಾ?" ಎಂದು ಕೇಳುತ್ತಿದ್ದರು. ಐವತ್ತೆರಡು ವರ್ಷದ ಇನ್ಸ್‌ಪೆಕ್ಟರು ಮೀಸೆ ಸವರಿಕೊಂಡು "ಬೇಗ ಬರೀತೀನಿ ತಂಗಿ" ಎಂದು ಉತ್ತರಿಸುತ್ತಿದ್ದರು.

ಈಗ ಫೈಲಿನ ವಿಷಯ. ಅವರ ಇಲಾಖೆಯಲ್ಲಿ ತಪಾಸಣಾ ವರದಿಗೆ ಹೆಸರಿಡುವಂತಿಲ್ಲ. ದಿನಾಂಕ ಮತ್ತು ಆ ದಿನದ ಕ್ರಮಸಂಖ್ಯೆ ಮಾತ್ರ. ಇನ್ಸ್‌ಪೆಕ್ಟರು ಕಥೆಗೂ ಅದೇ ಪದ್ಧತಿ ಇಟ್ಟುಕೊಂಡಿದ್ದರು, ಹೆಂಡತಿ ನೋಡಿದರೂ ಗೊತ್ತಾಗದಿರಲಿ ಎಂದು. ಬೆಳಿಗ್ಗೆ ಬರೆದ ಕಥೆ ಒಂದನೇ ನಂಬರು, ಆಮೇಲೆ ಬರೆದ ವರದಿ ಎರಡನೇ ನಂಬರು. ಒಂದನೆಯದು ಜಾಲತಾಣಕ್ಕೆ, ಎರಡನೆಯದು ತಪಾಸಣೆಯಾದ ಕಟ್ಟಡದ ಕಾರ್ಯದರ್ಶಿಗೆ. ಮೂರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಆದರೆ ಆ ಸೋಮವಾರ ತಪಾಸಣೆಯಾಗಬೇಕಿದ್ದದ್ದು ಅವರದೇ ಕಟ್ಟಡದ ಲಿಫ್ಟು. ಜನ ಓಡಾಡುವ ಮುಂಚೆ ಮುಗಿಸೋಣವೆಂದು ಐದಕ್ಕೇ ಟಾರ್ಚು ಹಿಡಿದು ಹೋದರು, ಬಂದು ವರದಿ ಬರೆದರು. ಆಮೇಲೆ ಹನ್ನೊಂದನೇ ಅಧ್ಯಾಯ ಮುಗಿಸಿದರು. ಅಂದರೆ ವರದಿ ಒಂದಾಯಿತು, ಕಥೆ ಎರಡಾಯಿತು. ಇನ್ಸ್‌ಪೆಕ್ಟರು ಅಭ್ಯಾಸಬಲದಿಂದ ಒಂದನ್ನು ಜಾಲತಾಣಕ್ಕೂ ಎರಡನ್ನು ಕಾರ್ಯದರ್ಶಿಗೂ ಕಳಿಸಿ, ಕೈ ತೊಳೆದುಕೊಂಡು ಆಫೀಸಿಗೆ ಹೋದರು.

ಅವರ ಕಟ್ಟಡದ ಕಾರ್ಯದರ್ಶಿಯವರು ದಾಖಲೆಗಳ ಕಚೇರಿಯಲ್ಲಿ ಮೂವತ್ತೈದು ವರ್ಷ ಮೊಹರು ಹಾಕಿ ನಿವೃತ್ತರಾದವರು. ಯಾವ ಕಾಗದದಲ್ಲೂ ಮೊದಲ ಸಾಲು, ಕೊನೆಯ ಸಾಲು ಎರಡನ್ನೇ ಓದುವುದು ಅವರ ವಾಡಿಕೆ. ನಡುವಿನದೆಲ್ಲ ಮೇಲಧಿಕಾರಿಗಳಿಗೆ ಸೇರಿದ್ದು ಎಂದು ಅವರ ಭಾವನೆ. ಬಂದ ಕಾಗದದ ಮೊದಲ ಸಾಲು: "ಲಿಫ್ಟ್ ಐದನೇ ಹಂತದಲ್ಲಿ ನಡುಗಿ ನಿಂತಿತು." ಕೊನೆಯ ಸಾಲು: "ಕೂಡಲೇ ಸರಿಪಡಿಸದಿದ್ದರೆ ಅಪಾಯ ಖಂಡಿತ." ಇನ್ನೇನು ಬೇಕು. ತಪಾಸಣಾ ವರದಿಯನ್ನು ಬಳಕೆದಾರರೆಲ್ಲ ಓದುವಂತೆ ಹದಿನೈದು ದಿನ ಲಿಫ್ಟಿನ ಒಳಗೇ ಅಂಟಿಸಬೇಕೆಂಬುದು ನಿಯಮ. ಅವರು ಮೂರೂ ಹಾಳೆಯನ್ನು ಪ್ರಿಂಟ್ ತೆಗೆದು, ಪ್ರತಿ ಹಾಳೆಗೂ ಮೊಹರು ಒತ್ತಿ, "ತಪಾಸಣೆ ಮಾಡಿದವರು: ಮೂರನೇ ಮಹಡಿಯ ಇನ್ಸ್‌ಪೆಕ್ಟರು" ಎಂದು ಕೈಯಾರೆ ಬರೆದು, ಗಾಜಿನ ಚೌಕಟ್ಟಿನಲ್ಲಿ ಅಂಟಿಸಿ ಬೀಗ ಹಾಕಿದರು.

ಸಂಜೆ ಆರಕ್ಕೆ ಇನ್ಸ್‌ಪೆಕ್ಟರು ಮನೆಗೆ ಬಂದಾಗ ಕೆಳಗೆ ಲಿಫ್ಟಿನ ಮುಂದೆ ಸಾಲು ನಿಂತಿತ್ತು. ಎರಡನೇ ಮಹಡಿಯ ಗಂಡ ಹೆಂಡತಿ, ಒಂದನೇ ಮಹಡಿಯ ಟೈಲರು, ಲಿಫ್ಟಿನ ಅಗತ್ಯವೇ ಇಲ್ಲದ ನೆಲಮಹಡಿಯ ಕನ್ನಡಕದಂಗಡಿಯವರು. ಇನ್ಸ್‌ಪೆಕ್ಟರನ್ನು ಕಂಡದ್ದೇ ಎಲ್ಲರೂ ಗೋಡೆ ನೋಡಿದರು. ಲಿಫ್ಟು ಬಂತು, ಬಾಗಿಲು ತೆರೆಯಿತು. ಒಳಗೆ ಎಂಟನೇ ಮಹಡಿಯ ಅಜ್ಜಿ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದರು.

"ನಾನು ಇಳಿಯಲ್ಲ," ಎಂದರು ಅಜ್ಜಿ. "ಎರಡನೇ ಹಾಳೆ ಅರ್ಧಕ್ಕೆ ಬಂದಿದೆ."

ಎರಡನೇ ಮಹಡಿಯ ಗಂಡ ಹೆಂಡತಿಯೊಂದಿಗೆ ಒಳಗೆ ನುಗ್ಗಿದ ಇನ್ಸ್‌ಪೆಕ್ಟರ ಕಣ್ಣು ಚೌಕಟ್ಟಿನ ಮೇಲೆ ಬಿತ್ತು.

"ಕ್ಯಾಪ್ಟನ್ ಗುಂಡಿಯನ್ನು ಎರಡು ಸಲ ಒತ್ತಿದಳು. ಅವಳು ಯಾವುದನ್ನೂ ಒಂದೇ ಸಲಕ್ಕೆ ನಂಬುವವಳಲ್ಲ. ಜುಟ್ಟಿಗೆ ಸಿಕ್ಕಿಸಿದ್ದ ಪೆನ್ಸಿಲು ಜಾರಿ ಬಿತ್ತು. ಮೆಕ್ಯಾನಿಕ್ ಬಗ್ಗಿ ಎತ್ತಿಕೊಂಡ. ತಿರುಗಿ ಕೊಡಲಿಲ್ಲ."

ಇನ್ಸ್‌ಪೆಕ್ಟರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಆದರೆ ಲಿಫ್ಟಿನ ನೆಲ ಗಟ್ಟಿಯಾಗಿದೆಯೆಂದು ಅಂದು ಬೆಳಿಗ್ಗೆ ತಾವೇ ಪರೀಕ್ಷಿಸಿದ್ದರು. ಮೂರನೇ ಮಹಡಿ ಬಂತು, ಅವರು ಇಳಿದರು. ಉಳಿದವರು ಯಾರೂ ಇಳಿಯಲಿಲ್ಲ. ಎರಡನೇ ಮಹಡಿಯವರೂ ಮೇಲಕ್ಕೇ ಹೋದರು, ಏಕೆಂದರೆ ಎರಡು ಮಹಡಿಗೆ ಎರಡು ಪ್ಯಾರಾ ಮಾತ್ರ ಆಗುತ್ತಿತ್ತು. ಪೂರ್ತಿ ಓದಬೇಕಾದರೆ ಎಂಟನೇ ಮಹಡಿಗೆ ಹೋಗಿ ಬರಲೇಬೇಕು.

ಇನ್ಸ್‌ಪೆಕ್ಟರು ಮೆಟ್ಟಿಲಿಳಿದು ನೇರ ಕಾರ್ಯದರ್ಶಿಯ ಬಾಗಿಲು ಬಡಿದರು.

"ಆ ಚೌಕಟ್ಟಿನ ಬೀಗದ ಕೈ ಕೊಡಿ."

"ಯಾಕೆ?"

"ಅದು ವರದಿ ಅಲ್ಲ."

ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡರು. "ನೀವೇ ಕಳಿಸಿದ್ದು. ನಾನೇ ಮೊಹರು ಹಾಕಿದ್ದು. ಮೊಹರು ಬಿದ್ದ ಮೇಲೆ ಅದು ವರದಿಯೇ."

"ತಪ್ಪು ಕಾಗದ ಸ್ವಾಮಿ."

"ಹಾಗಿದ್ರೆ ರದ್ದು ಮಾಡಿ ಅಂತ ನಿಮ್ಮ ಮೇಲಧಿಕಾರಿಯಿಂದ ಆದೇಶ ತನ್ನಿ. ಕಾರಣ ನಮೂದಿಸಿರಬೇಕು, ರದ್ದಾದ ಕಾಗದದ ಪ್ರತಿ ಲಗತ್ತಿಸಿರಬೇಕು."

ಮೇಲಧಿಕಾರಿಯ ಮೇಜಿನ ಮೇಲೆ ಆ ಮೂರು ಹಾಳೆ ಬಿದ್ದಿರುವುದನ್ನು ಇನ್ಸ್‌ಪೆಕ್ಟರು ಮನಸ್ಸಿನಲ್ಲಿ ಕಂಡರು. "ಹದಿನೈದು ದಿನ ಇರಲಿ ಬಿಡಿ," ಎಂದರು ಸಣ್ಣ ದನಿಯಲ್ಲಿ.

"ಒಂದು ವಿಷಯ," ಎಂದರು ಕಾರ್ಯದರ್ಶಿ. "ವರದಿ ಬಂದ ಏಳು ದಿನಕ್ಕೆ ನಾನು ಪಾಲನಾ ವರದಿ ಕೊಡಬೇಕು, ಯಾವ ದೋಷಕ್ಕೆ ಏನು ಕ್ರಮ ತಗೊಂಡ್ವಿ ಅಂತ. ಪೆನ್ಸಿಲು ತಿರುಗಿ ಕೊಟ್ಟಿಲ್ಲ ಅಂತಿದೆಯಂತೆ. ಅದು ಯಾರ ಆಸ್ತಿ?"

ಆ ಪ್ರಶ್ನೆಯನ್ನು ಅಷ್ಟರಲ್ಲಾಗಲೇ ಇಡೀ ಕಟ್ಟಡ ಕೇಳಿಕೊಂಡು, ಉತ್ತರವನ್ನೂ ಕಂಡುಕೊಂಡಿತ್ತು. ಐದನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮ ಇದ್ದರು. ಕೂದಲು ಎತ್ತಿಕಟ್ಟಿ ಪೆನ್ಸಿಲು ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಕೈ ತೊಳೆದಿರುವುದರಿಂದ ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತುತ್ತಿದ್ದರು. ಸರಿಯಾಗಿ ತಾಗದೆ ಎರಡನೇ ಸಲ ಒತ್ತುತ್ತಿದ್ದರು. ಕಥೆಯ ಲಿಫ್ಟು ನಿಂತದ್ದೂ ಐದನೇ ಹಂತದಲ್ಲಿ. ಕನ್ನಡಕದಂಗಡಿಯವರ ಪ್ರಕಾರ ಇದಕ್ಕಿಂತ ಹೆಚ್ಚಿನ ಪುರಾವೆ ಯಾವ ನ್ಯಾಯಾಲಯವೂ ಕೇಳುವುದಿಲ್ಲ.

ಇನ್ಸ್‌ಪೆಕ್ಟರ ಹೆಂಡತಿ ಕಥೆ ಓದಿರಲಿಲ್ಲ. ಆಕೆ ಲಿಫ್ಟು ಹತ್ತುವವಳೇ ಅಲ್ಲ. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ಕಚೇರಿಯಲ್ಲಿ ಕೆಲಸ. ದಿನವಿಡೀ ಕೂತಿರುತ್ತೇನೆ, ಕಾಲಿಗಾದರೂ ಕೆಲಸವಿರಲಿ ಎಂದು ಮೆಟ್ಟಿಲೇ ಹತ್ತುತ್ತಿದ್ದಳು. ಆದರೆ ಓದದವರಿಗೆ ಸುದ್ದಿ ತಲುಪಿಸುವ ಪುಣ್ಯದ ಕೆಲಸವನ್ನು ಎರಡನೇ ಮಹಡಿಯಾಕೆ ಮೆಟ್ಟಿಲ ತಿರುವಿನಲ್ಲೇ ಮುಗಿಸಿದ್ದಳು.

ಇನ್ಸ್‌ಪೆಕ್ಟರು ಒಳಗೆ ಬಂದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಬೈಗುಳಕ್ಕೆ ಅವರು ಸಿದ್ಧರಾಗಿಯೇ ಇದ್ದರು. ಆಕೆ ಬೈಯಲಿಲ್ಲ.

"ಊಟಕ್ಕೆ ಬಡಿಸಲಾ?" ಎಂದಳು ಮೆತ್ತಗೆ.

ಇಪ್ಪತ್ತಾರು ವರ್ಷದಲ್ಲಿ ಆಕೆ ಹಾಗೆ ಕೇಳಿದ್ದೇ ಇಲ್ಲ. "ಬಂದು ತಿನ್ರೀ, ಆರಿಹೋಗುತ್ತೆ" ಎಂಬುದು ಮನೆಯ ಪದ್ಧತಿ. ಇನ್ಸ್‌ಪೆಕ್ಟರಿಗೆ ಹೆದರಿಕೆಯಾಯಿತು.

"ಅದು ಬರೀ ಕಥೆ," ಎಂದರು.

"ನಾನೇನೂ ಕೇಳ್ಲಿಲ್ವಲ್ಲ."

"ಅಂತರಿಕ್ಷದ್ದು. ಆ ಧಾರಾವಾಹಿ ಇತ್ತಲ್ಲ, ಅದರದ್ದು."

"ಉಪ್ಪು ಸಾಕಾ?"

ಇಲ್ಲಿ ಒಂದು ಮಾತು ಹೇಳಬೇಕು. ಇನ್ಸ್‌ಪೆಕ್ಟರು ಒಂದೇ ವಾಕ್ಯದಲ್ಲಿ ಎಲ್ಲವನ್ನೂ ಮುಗಿಸಬಹುದಿತ್ತು. ಆ ಕ್ಯಾಪ್ಟನ್ ಡಾಕ್ಟರಮ್ಮನಲ್ಲ, ಎದುರಿಗೆ ಕೂತು ಉಪ್ಪು ಕೇಳುತ್ತಿರುವವಳೇ. ಇಪ್ಪತ್ತೇಳು ವರ್ಷದ ಹಿಂದೆ, ಇನ್ನೂ ಕೆಲಸ ಕಲಿಯುತ್ತಿದ್ದಾಗ, ಯಾವುದೋ ಆಫೀಸಿನ ಲಿಫ್ಟಿನಲ್ಲಿ ಅವರಿಬ್ಬರೂ ಸಿಕ್ಕಿಹಾಕಿಕೊಂಡಿದ್ದರು. ಆಗ ನಕ್ಷೆಗಳನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದ ಕಾಲ. ಆಕೆಯ ಜುಟ್ಟಿನಲ್ಲಿ ಪೆನ್ಸಿಲಿತ್ತು. ಈಗ ಕಂಪ್ಯೂಟರು ಬಂದು ಪೆನ್ಸಿಲು ಹೋಗಿದೆ, ಕೂದಲನ್ನೂ ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಾಳೆ. ಹಾಗಾಗಿ ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ. ಹೇಳಬೇಕಾದರೆ ಇವರೇ ಹೇಳಬೇಕು.

ಹೇಳಲು ಬಾಯಿ ಬರಲಿಲ್ಲ. ಪರರ ಹೆಂಡತಿಯನ್ನು ಕಂಡು ಕಥೆ ಬರೆದ ಎಂಬ ಅಪವಾದಕ್ಕೆ ಒಂದು ರೀತಿಯ ಗಂಡಸುತನವಾದರೂ ಇದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿ, ಮೀಸೆ ನರೆತ ಮೇಲೆ, ಸ್ವಂತ ಹೆಂಡತಿಯ ಮೇಲೆ ಕದ್ದುಮುಚ್ಚಿ ಹನ್ನೊಂದು ಅಧ್ಯಾಯ ಬರೆದೆ ಎಂದು ಆಕೆಯ ಎದುರಿಗೇ ಒಪ್ಪಿಕೊಳ್ಳುವುದೆಂದರೆ ಮೈಮೇಲಿನ ಬಟ್ಟೆ ಬಿಚ್ಚಿಟ್ಟಷ್ಟು ನಾಚಿಕೆ. "ಉಪ್ಪು ಸಾಕು," ಎಂದರು ಇನ್ಸ್‌ಪೆಕ್ಟರು.

ಕಷ್ಟ ಒಂದೇ ಆಗಿ ಬರಲಿಲ್ಲ. ಮಾರನೇ ದಿನ ಅವರಿಗೆ ಡಾಕ್ಟರಮ್ಮನ ಬಳಿ ದವಡೆ ಹಲ್ಲು ತುಂಬಿಸಿಕೊಳ್ಳುವುದಿತ್ತು. ತಿಂಗಳ ಹಿಂದೆಯೇ ಗೊತ್ತುಮಾಡಿದ ಸಮಯ. ಹೋಗದಿದ್ದರೆ ತಪ್ಪೊಪ್ಪಿಕೊಂಡಂತೆ, ಹೋದರೆ ಇನ್ನೂ ಒಪ್ಪಿಕೊಂಡಂತೆ. ಹಲ್ಲು ನೋಯುತ್ತಿತ್ತು, ಹೋದರು.

ಡಾಕ್ಟರಮ್ಮ ಅವರನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ಹತ್ತಿ ತುರುಕಿ, ಎಂಜಲು ಎಳೆಯುವ ನಳಿಗೆ ಸಿಕ್ಕಿಸಿದ ಮೇಲೆ ಮಾತಿಗೆ ಶುರುಮಾಡಿದರು.

"ನೋಡಿ ಸಾರ್, ನಾನು ಕೋಪ ಮಾಡ್ಕೊಂಡಿಲ್ಲ. ಆದರೆ ನನಗೂ ಸಂಸಾರ ಇದೆ."

"ಆಂ ಆಂ," ಎಂದರು ಇನ್ಸ್‌ಪೆಕ್ಟರು, ಎರಡೂ ಕೈ ಅಲ್ಲಾಡಿಸುತ್ತ.

"ಬಾಯಿ ಮುಚ್ಚಬೇಡಿ. ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ."

"ನೀಂ ಅಂಆ!"

"ನೀನಮ್ಮಾ ಅಂತೀರಾ? ದಯವಿಟ್ಟು ಈ ಸಲಿಗೆ ಬೇಡ." ಯಂತ್ರ ಗುರ್ರೆಂದಿತು. ಇನ್ಸ್‌ಪೆಕ್ಟರ ಕಣ್ಣಿನಿಂದ ನೀರು ಹರಿಯಿತು. ಡಾಕ್ಟರಮ್ಮ ಅದನ್ನು ಹತ್ತಿಯಿಂದ ಒರೆಸಿದರು. "ಅಳಬೇಡಿ ಸಾರ್. ಈ ವಯಸ್ಸಿನಲ್ಲಿ ಇದೆಲ್ಲ ಆಗುತ್ತೆ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ದನಿ ತಗ್ಗಿಸಿ, "ಹನ್ನೆರಡನೇ ಅಧ್ಯಾಯದಲ್ಲಿ ಅವಳು ಒಪ್ಕೋತಾಳಾ?" ಎಂದು ಕೇಳಿದರು.

ಹೊರಗೆ ಕಾಯುತ್ತಿದ್ದ ರೋಗಿಗಳಲ್ಲಿ ಟೈಲರೂ ಒಬ್ಬರು. ಇನ್ಸ್‌ಪೆಕ್ಟರು ಅತ್ತರು, ಡಾಕ್ಟರಮ್ಮ ಒರೆಸಿದರು ಎಂಬ ಸುದ್ದಿ ಅವರು ಮೆಟ್ಟಿಲಿಳಿಯುವ ಮೊದಲೇ ಲಿಫ್ಟಿನಲ್ಲಿ ಇಳಿದುಹೋಗಿತ್ತು.

ಮನೆಗೆ ಬಂದು, ದವಡೆ ಹಿಡಿದುಕೊಂಡು ಲ್ಯಾಪ್‌ಟಾಪ್ ತೆರೆದರೆ ಅಲ್ಲಿ ಇನ್ನೊಂದು ಆಘಾತ. ಜಾಲತಾಣದಲ್ಲಿ ಹನ್ನೊಂದನೇ ಅಧ್ಯಾಯವೆಂದು ಲಿಫ್ಟಿನ ತಪಾಸಣಾ ವರದಿ ಕೂತಿತ್ತು. ಕೆಳಗೆ ಓದುಗರ ಅಭಿಪ್ರಾಯಗಳು ಸಾಲುಗಟ್ಟಿದ್ದವು. "ಧೂಮಕೇತು" ಎಂಬ ಓದುಗರು ಬರೆದಿದ್ದರು: "ಅಕ್ಕಾ, ಇಡೀ ಅಧ್ಯಾಯದಲ್ಲಿ ಕ್ಯಾಪ್ಟನ್ ಇಲ್ಲ, ಮೆಕ್ಯಾನಿಕ್ ಇಲ್ಲ, ಖಾಲಿ ಲಿಫ್ಟು ಮಾತ್ರ. ‘ಆದರೂ ಪೂರ್ತಿ ಭಾರ ಹೊರುತ್ತಿದೆ’ ಅನ್ನೋ ಕಡೆ ನನಗೆ ಅಳು ಬಂತು." ಇನ್ನೊಬ್ಬರು: "ನಾಲ್ವರಿಗಿಂತ ಹೆಚ್ಚು ಜನ ಹತ್ತಬಾರದು ಅಂದಿದೀರಿ. ಐದನೆಯವನು ಯಾರು? ಪ್ರೀತಿ ಮಧ್ಯೆ ಯಾರೋ ಬರ್ತಿದಾನೆ ಅಂತ ಆಯ್ತು." ಮತ್ತೊಬ್ಬರು ಚುಟುಕಾಗಿ: "ಹತ್ತು ಅಧ್ಯಾಯ ಬರೀ ಸಕ್ಕರೆ ಪಾಕ. ಇವತ್ತು ನಿಮಗೆ ಬರೆಯೋಕೆ ಬಂತು."

ಮೂರು ವರ್ಷ ಬೆಳಗಿನ ನಿದ್ದೆ ಕೆಟ್ಟು ಬರೆದದ್ದು ಪಾಕ. ಟಾರ್ಚು ಹಿಡಿದು ಅರ್ಧ ಗಂಟೆಯಲ್ಲಿ ಗೀಚಿದ್ದು ಸಾಹಿತ್ಯ. ಇನ್ಸ್‌ಪೆಕ್ಟರು ಲ್ಯಾಪ್‌ಟಾಪ್ ಮುಚ್ಚಿದರು. ನಾಚಿಕೆಯಲ್ಲೂ ಮಹಡಿಗಳಿವೆ, ತಾವು ಇನ್ನೂ ಕೆಳಗಿಳಿಯುತ್ತಲೇ ಇದ್ದೇವೆ ಎಂದು ಅವರಿಗೆ ಅರಿವಾಯಿತು.

ಶುಕ್ರವಾರ ಹೆಂಡತಿಯ ಅಕ್ಕ ಫೋನು ಮಾಡಿದರು. "ಏನಪ್ಪಾ, ಅಂತರಿಕ್ಷದಲ್ಲಿ ಎರಡನೇ ಮನೆ ಮಾಡಿದೀಯಂತೆ?"

"ಇಲ್ಲ ಅತ್ತಿಗೆ, ಅದು..."

"ಅತ್ತಿದ್ದೂ ಸುಳ್ಳಾ?"

"ಹಲ್ಲು ನೋವು ಅತ್ತಿಗೆ."

"ಹಲ್ಲಿಗೆ ಅಳೋ ವಯಸ್ಸಾ ನಿಂದು? ನಾಳೆ ಬೆಳಿಗ್ಗೆ ಅವಳನ್ನ ನಮ್ಮನೆಗೆ ಕಳಿಸು. ಎಷ್ಟು ದಿನಕ್ಕೆ ಅಂತ ಕೇಳಬೇಡ."

ಹೆಂಡತಿ ಆಗಲೇ ಸೂಟ್‌ಕೇಸು ಕೆಳಗಿಳಿಸಿದ್ದಳು. ಚಿಕ್ಕದಲ್ಲ, ದೊಡ್ಡದು. ಆ ಸೂಟ್‌ಕೇಸಿನಲ್ಲಿ ಒಂದು ವಾರದ ಬಟ್ಟೆ ಹಿಡಿಸಿದರೂ ಇನ್ನೂ ಒಂದು ವರ್ಷದ ಜಾಗ ಉಳಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಕೆ ಹೊರಟಳು. ಭಾರದ ಸೂಟ್‌ಕೇಸಿದ್ದದ್ದರಿಂದ ಮೊದಲ ಬಾರಿಗೆ ಲಿಫ್ಟಿನ ಗುಂಡಿ ಒತ್ತಿದಳು. ಒಂದು ಸಲ, ಮತ್ತೊಂದು ಸಲ. ಬಾಗಿಲು ತೆರೆಯಿತು. ಒಳಗೆ ಸ್ಟೂಲಿನ ಮೇಲೆ ಅಜ್ಜಿ, ಅವರ ಪಕ್ಕ ಪಾಲನಾ ವರದಿಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಕಾರ್ಯದರ್ಶಿ, ಮೂಲೆಯಲ್ಲಿ ಡಾಕ್ಟರಮ್ಮ. ಹೆಂಡತಿ ಒಂದು ಕ್ಷಣ ನಿಂತು, ತಲೆಯೆತ್ತಿ ಒಳಗೆ ಹೋದಳು. ಹಿಂದೆಯೇ ಇನ್ಸ್‌ಪೆಕ್ಟರು ನುಗ್ಗಿದರು. ಐದು ಜನ, ಒಂದು ಸೂಟ್‌ಕೇಸು, ಒಂದು ಸ್ಟೂಲು. ಲಿಫ್ಟು ಒಂದು ಮಹಡಿ ಇಳಿದು, ಎರಡಕ್ಕೂ ಒಂದಕ್ಕೂ ನಡುವೆ ಜರ್ಕು ಹೊಡೆದು ನಿಂತಿತು.

ಕಾರ್ಯದರ್ಶಿ ಅಲಾರಂ ಒತ್ತಿದರು. ಮೆಕ್ಯಾನಿಕ್ ಬರಲು ಮುಕ್ಕಾಲು ಗಂಟೆಯಾಗುತ್ತದೆಂದು ಕೆಳಗಿನಿಂದ ಟೈಲರು ಕೂಗಿ ಹೇಳಿದರು.

"ಮುಕ್ಕಾಲು ಗಂಟೆ ಏನು ಮಾಡೋದು," ಎಂದರು ಅಜ್ಜಿ. ಆಮೇಲೆ ಇನ್ಸ್‌ಪೆಕ್ಟರ ಹೆಂಡತಿಯ ಕೈ ಹಿಡಿದು, "ನೀನಿನ್ನೂ ಓದಿಲ್ಲ ಅಲ್ವಾ? ನನ್ನ ಕನ್ನಡಕ ಮೇಲಿದೆ. ಸ್ವಲ್ಪ ಜೋರಾಗಿ ಓದಮ್ಮ," ಎಂದರು.

ಇನ್ಸ್‌ಪೆಕ್ಟರು ಕಣ್ಣು ಮುಚ್ಚಿಕೊಂಡರು. ಹೆಂಡತಿ ಗಾಜಿನ ಚೌಕಟ್ಟಿನ ಕಡೆ ತಿರುಗಿ, ಅಂಗಡಿಯ ಚೀಟಿ ಓದುವಂತೆ ಓದತೊಡಗಿದಳು. ಲಿಫ್ಟು ನಡುಗಿ ನಿಂತಿತು. ಕ್ಯಾಪ್ಟನ್ ಗುಂಡಿಯನ್ನು ಎರಡು ಸಲ ಒತ್ತಿದಳು. ಪೆನ್ಸಿಲು ಬಿತ್ತು. ಡಾಕ್ಟರಮ್ಮ ತಲೆಯಿಂದ ಪೆನ್ಸಿಲು ತೆಗೆದು ಚೀಲಕ್ಕೆ ಹಾಕಿಕೊಂಡರು. ಹೆಂಡತಿ ಮುಂದುವರಿದಳು: "ಕ್ಯಾಪ್ಟನ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ನೀವು ರಿಪೇರಿ ಮಾಡೋಕೆ ಬಂದೋರಾ, ರಿಪೇರಿ ಆಗೋಕೆ ಬಂದೋರಾ?’ ಎಂದಳು."

ಅಲ್ಲಿಗೆ ಓದು ನಿಂತಿತು. ಆಕೆ ಆ ಸಾಲನ್ನೇ ನೋಡುತ್ತ ನಿಂತಳು, ಗುಂಡಿ ಒತ್ತಿದಷ್ಟೇ ಅಪನಂಬಿಕೆಯಿಂದ ಎರಡನೇ ಸಲ ಓದಿದಳು, ಈ ಸಲ ಮನಸ್ಸಿನಲ್ಲೇ.

"ರೀ," ಎಂದಳು ತಿರುಗದೆಯೇ. "ಆ ಪೆನ್ಸಿಲು ನಿಮ್ಮ ಹತ್ರ ಇತ್ತಾ?"

ಇನ್ಸ್‌ಪೆಕ್ಟರು ತಲೆ ತಗ್ಗಿಸಿದರು.

"ಎರಡು ದಿನ ಹುಡುಕಿದೀನಿ ನಾನು ಅದನ್ನ. ಎಲ್ಲಿದೆ ಈಗ?"

"ಟೂಲ್ ಬ್ಯಾಗಲ್ಲಿ. ಬೆರಳ ಗೆಣ್ಣಿನಷ್ಟು ಉಳಿದಿದೆ."

"ಒಂದು ನಿಮಿಷ," ಎಂದು ಕಾರ್ಯದರ್ಶಿ ಪೆನ್ನು ತೆಗೆದರು. "ಪೆನ್ಸಿಲು ಯಾರದು? ದಾಖಲಾಗಬೇಕು."

ಓಡಿಹೋಗಲು ಬಾಗಿಲಿರಲಿಲ್ಲ. "ಇವಳದು," ಎಂದರು ಇನ್ಸ್‌ಪೆಕ್ಟರು. "ಕ್ಯಾಪ್ಟನ್ ಅಂದ್ರೆ ಇವಳು. ನನ್ನ ಹೆಂಡ್ತಿ."

ಕಾರ್ಯದರ್ಶಿ ಬರೆದುಕೊಂಡರು.

"ಹೆಂಡ್ತೀನಾ?" ಎಂದರು ಅಜ್ಜಿ. "ಸ್ವಂತ ಹೆಂಡ್ತೀನಾ?" ಐದು ದಿನ ಸ್ಟೂಲು ಹೊತ್ತುಕೊಂಡು ಓಡಾಡಿದ ಶ್ರಮವೆಲ್ಲ ಅವರ ಮುಖದಲ್ಲಿ ಕಂಡಿತು.

ಡಾಕ್ಟರಮ್ಮನ ಮುಖ ಕೆಂಪಾಯಿತು. "ಹಾಗಿದ್ರೆ ಮಂಗಳವಾರ ಯಾಕೆ ಹೇಳ್ಲಿಲ್ಲ ನೀವು?"

"ಬಾಯಲ್ಲಿ ಹತ್ತಿ ಇತ್ತು."

"ಮಾತಾಡೋ ಮನಸ್ಸಿದ್ರೆ ಹತ್ತಿ ಅಡ್ಡ ಬರಲ್ಲ," ಎಂದ ಡಾಕ್ಟರಮ್ಮ, ಬೇಡವೆಂದು ತಾವೇ ಐದು ದಿನ ದೂರವಿಟ್ಟ ಪ್ರೀತಿಯನ್ನು ಯಾರೋ ಕಸಿದುಕೊಂಡವರಂತೆ ಮೂಲೆಗೆ ತಿರುಗಿದರು.

ಕಾರ್ಯದರ್ಶಿಗೆ ಬೇರೆಯೇ ಚಿಂತೆ. "ಅದೆಲ್ಲ ಇರಲಿ. ಐದು ಜನ ಹತ್ತಿದ್ರೆ ಲಿಫ್ಟು ನಿಲ್ಲುತ್ತೆ ಅಂತ ನೀವು ಎಲ್ಲೂ ಬರೆದಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಹೊಣೆ ಯಾರು?"

"ಬರೆದಿದೀನಿ," ಎಂದರು ಇನ್ಸ್‌ಪೆಕ್ಟರು. ಇದೊಂದು ವಿಷಯದಲ್ಲಾದರೂ ತಲೆಯೆತ್ತಲು ಅವಕಾಶ ಸಿಕ್ಕಿತ್ತು. "ನಾಲ್ಕೇ ಜನ ಹತ್ತಬೇಕು ಅಂತ ಸ್ಪಷ್ಟವಾಗಿ ಬರೆದಿದೀನಿ. ನಾನೂರು ಜನ ಓದಿದಾರೆ. ಒಬ್ಬರು ಅತ್ತಿದಾರೆ." ಫೋನು ತೆಗೆದು ಜಾಲತಾಣ ತೋರಿಸಿದರು.

ಫೋನನ್ನು ತೆಗೆದುಕೊಂಡದ್ದು ಕಾರ್ಯದರ್ಶಿಯಲ್ಲ, ಹೆಂಡತಿ. "ಆ ಪೆನ್ಸಿಲಿನವಳು ಚೆನ್ನಾಗಿದಾಳೆ," ಎಂದಳು. "ಆದರೆ ಅವಳು ಹೋಗಿ ಹದಿನೈದು ವರ್ಷ ಆಯ್ತು. ಈಗ ಮನೇಲಿರೋಳ ಬಗ್ಗೆ ಏನಾದ್ರೂ ಬರ್ದಿದೀರಾ?"

ಇನ್ಸ್‌ಪೆಕ್ಟರು ಮನಸ್ಸಿನಲ್ಲೇ ಅಧ್ಯಾಯಗಳನ್ನು ತಿರುವಿಹಾಕಿದರು. ಹನ್ನೊಂದು ಅಧ್ಯಾಯದಲ್ಲಿ ಆಕೆಗೆ ಒಂದು ಸಾಲೂ ಇರಲಿಲ್ಲ. ಅದು ಈಗ ಹೊಳೆದು, ಕಳೆದ ಐದು ದಿನದ ನಾಚಿಕೆಯೆಲ್ಲ ಇದರ ಮುಂದೆ ಏನೂ ಅಲ್ಲವೆನಿಸಿತು.

ಆಕೆ ಫೋನು ನೋಡಿ ಓದತೊಡಗಿದಳು. ಈ ಸಲ ಚೀಟಿ ಓದುವಂತಿರಲಿಲ್ಲ. "ಮೂರನೇ ಮಹಡಿ: ಏರುವಾಗಲೂ ಇಳಿಯುವಾಗಲೂ ಸದ್ದು ಬರುತ್ತಿದೆ. ಯಾರೂ ಗಮನಿಸಿದಂತಿಲ್ಲ. ಹಗ್ಗದ ಕೆಲವು ಎಳೆಗಳು ಸವೆದಿವೆ. ಆದರೂ ಪೂರ್ತಿ ಭಾರ ಹೊರುತ್ತಿದೆ. ಬಹುಕಾಲದಿಂದ ಎಣ್ಣೆ ಕಂಡಿಲ್ಲ. ಹೊಣೆ ಹೊತ್ತವರ ನಿರ್ಲಕ್ಷ್ಯ ಎದ್ದು ಕಾಣುತ್ತದೆ." ಫೋನು ಕೆಳಗಿಳಿಸಿದಳು. "ಇದು ನಾನು," ಎಂದಳು. "ಇದು ಸರಿಯಾಗಿದೆ."

"ಅದು ಲಿಫ್ಟು ಕಣೇ," ಎಂದರು ಇನ್ಸ್‌ಪೆಕ್ಟರು ಗಾಬರಿಯಿಂದ.

"ಕಾರ್ಯದರ್ಶಿಗಳೇ, ವರದಿ ಬಂದ ಮೇಲೆ ಎಷ್ಟು ದಿನ ಟೈಮು?"

"ಏಳು ದಿನ. ದೋಷವಾರು ಉತ್ತರ."

"ಕೇಳಿಸ್ತಲ್ಲ? ನಾನು ಅಕ್ಕನ ಮನೇಲಿರ್ತೀನಿ. ಮುಂದಿನ ಶನಿವಾರ ಬರ್ತೀನಿ. ಉತ್ತರ ಇದ್ರೆ ಮೇಲೆ ಬರ್ತೀನಿ, ಇಲ್ಲದಿದ್ರೆ ಹಾಗೇ ವಾಪಸ್."

"ಬರೆದು ನಿನ್ನ ಕೈಗೆ ಕೊಡ್ತೀನಿ."

"ಕೈಗೆ ಯಾಕೆ? ಇಲ್ಲೇ ಅಂಟಿಸಿ. ತಪ್ಪಿ ಅಂಟಿಸಿದ್ದನ್ನೇ ಎಲ್ಲರೂ ಓದಿದಾರೆ, ಬೇಕಂತ ಅಂಟಿಸಿದ್ದನ್ನೂ ಓದಲಿ."

"ನಿಯಮವೂ ಅದೇ," ಎಂದರು ಕಾರ್ಯದರ್ಶಿ.

ಮೆಕ್ಯಾನಿಕ್ ಬಂದ, ಒಬ್ಬೊಬ್ಬರನ್ನಾಗಿ ಇಳಿಸಿದ. ಇನ್ಸ್‌ಪೆಕ್ಟರ ಕಥೆ ಅವರ ಹೆಂಡತಿಯ ಮೇಲೇ ಇದೆಯೆಂದು ಮಧ್ಯಾಹ್ನದೊಳಗೆ ಕಟ್ಟಡವೆಲ್ಲ ತಿಳಿಯಿತು. ಅಲ್ಲಿಯವರೆಗೆ ಛೀ ಎನ್ನುತ್ತಿದ್ದ ಜನ ಈಗ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಕನ್ನಡಕದಂಗಡಿಯವರು ಅವರನ್ನು ಕಂಡಾಗಲೆಲ್ಲ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಳ್ಳುತ್ತಿದ್ದರು. ಯಾರೂ ಮಾತು ನಿಲ್ಲಿಸಿ ದಾರಿ ಬಿಡಲಿಲ್ಲ.

ಇನ್ಸ್‌ಪೆಕ್ಟರು ಆರು ಬೆಳಗು ಅಡುಗೆಮನೆಯಲ್ಲಿ ಕೂತರು. ಕಪ್ಪುಕುಳಿಯಿಂದ ನೌಕೆಯನ್ನು ಹೊರತೆಗೆದ ಲೇಖನಿ ಮನೆಯ ಮಾತಿಗೆ ಏಳಲಿಲ್ಲ. ಏಳನೇ ಬೆಳಗು ಟೂಲ್ ಬ್ಯಾಗಿನಿಂದ ಆ ತುಂಡು ಪೆನ್ಸಿಲು ತೆಗೆದು, ಕಾಗದದ ಮೇಲೆ ಬರೆದರು.

"ಒಂದು. ಸದ್ದು: ಬರುತ್ತಿತ್ತು. ಕೇಳಿಸಿಕೊಂಡಿರಲಿಲ್ಲ. ಟೀವಿ ಜೋರಾಗಿಟ್ಟಿದ್ದೆ. ಎರಡು. ಹಗ್ಗ: ಭಾರ ಹೊರಲು ಎರಡು ಹಗ್ಗಗಳಿವೆ. ಒಂದು ಮಾತ್ರ ದುಡಿದಿದೆ. ಇನ್ನೊಂದು ಬೆಳಿಗ್ಗೆ ಎದ್ದು ಕಥೆ ಬರೆಯುತ್ತಿತ್ತು. ಮೂರು. ಎಣ್ಣೆ: ಇಪ್ಪತ್ತಾರು ವರ್ಷದಲ್ಲಿ ಅಡುಗೆ ಚೆನ್ನಾಗಿದೆ ಎಂದು ಎರಡು ಸಲ ಹೇಳಿದ್ದು ನೆನಪಿದೆ. ಎರಡನೆಯದು ಅತ್ತಿಗೆಯ ಅಡುಗೆಯೆಂದು ಆಮೇಲೆ ತಿಳಿಯಿತು. ನಾಲ್ಕು. ಕತ್ತರಿಸಿದ ಕೂದಲು: ಆ ದಿನವೇ ನೋಡಿದ್ದೆ. ಚೆನ್ನಾಗಿ ಕಂಡಿತ್ತು. ಹೇಳಲು ನಾಚಿಕೆಯಾಯಿತು. ಐದು. ನಿರ್ಲಕ್ಷ್ಯ: ನಿಜ. ಕ್ಷಮಿಸು. ಬಾ."

ಕಾರ್ಯದರ್ಶಿ ಮೊದಲ ಸಾಲು ಓದಿದರು, ಕೊನೆಯ ಸಾಲು ಓದಿದರು, ಈ ಸಲ ನಡುವಿನದನ್ನೂ ಓದಿದರು. ಮೊಹರು ಒತ್ತಿ ಅಂಟಿಸಿದರು. "ಕಥೆಯಷ್ಟು ಚೆನ್ನಾಗಿಲ್ಲ," ಎಂದರು ಅಜ್ಜಿ. ಆದರೆ ಅಂದು ಅವರು ಸ್ಟೂಲನ್ನು ಮನೆಗೆ ತೆಗೆದುಕೊಂಡು ಹೋದರು.

ಶನಿವಾರ ಹತ್ತು ಗಂಟೆಗೆ ಇನ್ಸ್‌ಪೆಕ್ಟರು ಮೂರನೇ ಮಹಡಿಯಲ್ಲಿ, ಲಿಫ್ಟಿನ ಬಾಗಿಲ ಮೇಲಿನ ಅಂಕಿಗಳನ್ನೇ ನೋಡುತ್ತ ನಿಂತಿದ್ದರು. ಕೆಳಗೆ ಸೂಟ್‌ಕೇಸಿನ ಗಾಲಿಯ ಸದ್ದು ಕೇಳಿಸಿತು. ಬಾಗಿಲು ಮುಚ್ಚಿತು. ಒಂದು, ಎರಡು, ಮೂರು. ಲಿಫ್ಟು ಮೂರರಲ್ಲಿ ನಿಲ್ಲಲಿಲ್ಲ. ನಾಲ್ಕು, ಐದು, ಎಂಟರವರೆಗೂ ಹೋಯಿತು. ಅಲ್ಲಿಂದ ಇಳಿಯತೊಡಗಿ ಮತ್ತೆ ಮೂರನ್ನು ದಾಟಿ ಕೆಳಕ್ಕೆ ಹೋಯಿತು. ವಾಪಸ್ ಹೋದಳು ಎಂದುಕೊಂಡು ಇನ್ಸ್‌ಪೆಕ್ಟರು ಗೋಡೆಗೆ ಕೈಯೂರಿದರು. ಅಷ್ಟರಲ್ಲಿ ಅಂಕಿ ಮತ್ತೆ ಮೇಲೇರತೊಡಗಿತು. ಆಗ ಅವರಿಗೆ ನೆನಪಾಯಿತು, ಆಕೆ ಯಾವುದನ್ನೂ ಒಂದೇ ಸಲಕ್ಕೆ ನಂಬುವವಳಲ್ಲ.

ಎರಡನೇ ಸಲವೂ ಎಂಟಕ್ಕೆ ಹೋಗಿ ಇಳಿಯಿತು. ಏಳು, ಆರು, ಐದು, ನಾಲ್ಕು. ಮೂರರಲ್ಲಿ ಸದ್ದು ಮಾಡಿಕೊಂಡು ನಿಂತಿತು.